ಪೂಜಾವಸ್ತ್ರದ ಬಣ್ಣ, ಅಂಗಳದ ಬಣ್ಣ: ನಿಸರ್ಗವನ್ನು ನೋಡುತ್ತ ಪ್ರಾರ್ಥಿಸುವ ಬಗೆ

ಜುಲೈ ನಡುವಿನ ಒಂದು ಭಾನುವಾರ, ಕರಾವಳಿಯ ಯಾವುದೇ ಇಗರ್ಜಿಯಲ್ಲಿ ಬೆಳಗಿನ ಬಲಿಪೂಜೆಗೆ ಕುಳಿತವರು ಪೀಠದ ಕಡೆಯಿಂದ ಒಮ್ಮೆ ಕಣ್ಣು ತೆಗೆದು ಪಕ್ಕದ ಬಾಗಿಲಿನಾಚೆ ನೋಡಿದರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಗುರುಗಳು ತೊಟ್ಟ ಪೂಜಾವಸ್ತ್ರ ಹಸಿರು. ಹೊರಗಿನ ಗದ್ದೆ, ಅಡಿಕೆ ತೋಟ, ಕಾಂಪೌಂಡ್ ಗೋಡೆಯ ಮೇಲಿನ ಪಾಚಿ ಕೂಡ ಹಸಿರು. ಈ ಹೊಂದಿಕೆಯನ್ನು ಯಾರೂ ಯೋಜಿಸಿ ತಂದದ್ದಲ್ಲ. ಹಬ್ಬ, ಉಪವಾಸಗಳ ಕ್ರೈಸ್ತ ಪಂಚಾಂಗವಾದ ಆರಾಧನಾ ವರ್ಷವೂ ಅದರ ಬಣ್ಣಗಳೂ ರೂಪುಗೊಂಡದ್ದು ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳಲ್ಲಿ. ಅಲ್ಲಿ ಜುಲೈ ಎಂದರೆ ಮಳೆಯಿಲ್ಲದೆ ಹುಲ್ಲು ಒಣಗಿ ಹಳದಿಗೆ ತಿರುಗುವ ತಿಂಗಳು. ಈಸ್ಟರ್ ಆಗಿ ಏಳು ವಾರಕ್ಕೆ ಬರುವ ಪಂಚಾಶತ್ತಮ ಹಬ್ಬ ಮುಗಿದ ಮೇಲೆ ನವೆಂಬರ್ ಕೊನೆಯವರೆಗೆ ಸಾಗುವ ‘ಸಾಧಾರಣ ಕಾಲ’ದ ಹಸಿರು, ನೈಋತ್ಯ ಮುಂಗಾರು ತೊಯ್ಯಿಸುವ ನಮ್ಮ ನೆಲದಲ್ಲಿ ಮಾತ್ರ ಹೊರಗೂ ಒಳಗೂ ಒಂದೇ ಆಗಿ ಕಾಣುತ್ತದೆ. ಪೀಠದ ಬಣ್ಣವನ್ನು ಅಂಗಳದ ಬಣ್ಣದ ಜೊತೆಗಿಟ್ಟು ನೋಡುವುದನ್ನು ಅಭ್ಯಾಸ ಮಾಡಿಕೊಂಡರೆ, ಪ್ರಾರ್ಥನೆಗೆ ಕುಳಿತಾಗ ಚೆದುರಿ ಓಡುವ ಮನಸ್ಸಿಗೆ ಒಂದು ನೆಲೆ ಸಿಗುತ್ತದೆ ಎಂಬುದು ನನ್ನ ಹಲವು ವರ್ಷಗಳ ಅನುಭವ. ಅದನ್ನು ಕ್ರಮವಾಗಿ ಮಾಡುವುದು ಹೇಗೆಂದು ಇಲ್ಲಿ ಹೇಳಲು ಹೊರಟಿದ್ದೇನೆ. ದಿನಕ್ಕೆ 20 ನಿಮಿಷ, ಮೊದಲಿಗೆ ಒಂದು ವಾರ ಸಾಕು. ಹಿಡಿಸಿದರೆ ಒಂದು ವರ್ಷ.

ಬಣ್ಣದ ಪಟ್ಟಿಗಳ ಬಗ್ಗೆ ಒಂದು ಎಚ್ಚರಿಕೆ

ನೀಲಿ ಎಂದರೆ ಶಾಂತಿ, ಹಸಿರು ಎಂದರೆ ಭರವಸೆ, ಕೆಂಪು ಎಂದರೆ ತ್ಯಾಗ ಎಂಬಂಥ ಪಟ್ಟಿಗಳು ವಾಟ್ಸ್ಆ್ಯಪ್‌ನಲ್ಲಿ ಬೇಕಾದಷ್ಟು ಓಡಾಡುತ್ತವೆ. ಅವನ್ನು ಬದಿಗಿಟ್ಟು ಆರಂಭಿಸುವುದು ಒಳ್ಳೆಯದು, ಏಕೆಂದರೆ ಬೈಬಲ್ ಬಣ್ಣಗಳನ್ನು ಹಾಗೆ ಒಂದೊಂದು ಅರ್ಥಕ್ಕೆ ಕಟ್ಟಿಹಾಕುವುದಿಲ್ಲ. ಯೆಶಾಯನ ಮೊದಲನೆಯ ಅಧ್ಯಾಯದಲ್ಲಿ ಕೆಂಪು ಪಾಪದ ಬಣ್ಣ, ಹಿಮದಂತೆ ಬೆಳ್ಳಗಾಗಬೇಕಾದ ಕಲೆ. ಆರಾಧನೆಯಲ್ಲಿ ಅದೇ ಕೆಂಪು ಪವಿತ್ರಾತ್ಮರ ಬೆಂಕಿಯ ಮತ್ತು ರಕ್ತಸಾಕ್ಷಿಗಳ ಬಣ್ಣ. ಯೇಸುವನ್ನು ಅಪಹಾಸ್ಯ ಮಾಡಲು ಸೈನಿಕರು ಹೊದಿಸಿದ ನಿಲುವಂಗಿಯನ್ನು ಮಾರ್ಕನು ನೇರಳೆಗೆಂಪು ಎನ್ನುತ್ತಾನೆ, ಮತ್ತಾಯನು ಕಡುಗೆಂಪು ಎನ್ನುತ್ತಾನೆ. ಇನ್ನೂ ಸೋಜಿಗದ ಸಂಗತಿಯೆಂದರೆ, ಐದು ಸಾವಿರ ಜನರು ಕುಳಿತು ಉಂಡ ಹಸಿರು ಹುಲ್ಲಿಗೆ ಮಾರ್ಕನು ಬಳಸಿದ ಗ್ರೀಕ್ ಪದವೂ, ಪ್ರಕಟನೆಯ ಪುಸ್ತಕದ ಆರನೆಯ ಅಧ್ಯಾಯದಲ್ಲಿ ಮರಣವು ಏರಿ ಬರುವ ವಿವರ್ಣ ಕುದುರೆಗೆ ಬಳಕೆಯಾದ ಪದವೂ ಒಂದೇ: ‘ಖ್ಲೋರೋಸ್’. ಊಟದ ಹುಲ್ಲಿಗೂ ಸಾವಿನ ಕುದುರೆಗೂ ಒಂದೇ ಬಣ್ಣದ ಹೆಸರಿರುವಾಗ, ಹಸಿರನ್ನು ಕಂಡೊಡನೆ ಭರವಸೆ ಹುಟ್ಟಲೇಬೇಕೆಂದು ಯಾರೂ ನಿಯಮ ಮಾಡುವಂತಿಲ್ಲ.

ಎರಡನೆಯದಾಗಿ, ಬಣ್ಣಕ್ಕೆ ತನ್ನದೇ ಆದ ಶಕ್ತಿಯಿದೆಯೆಂದು ಕ್ರೈಸ್ತ ವಿಶ್ವಾಸ ಹೇಳುವುದಿಲ್ಲ. ಆದಿಕಾಂಡದ ಮೊದಲ ಅಧ್ಯಾಯವು ಸೂರ್ಯಚಂದ್ರರನ್ನೂ ಹೆಸರು ಹಿಡಿದು ಕರೆಯದೆ ದೊಡ್ಡ ಬೆಳಕು, ಚಿಕ್ಕ ಬೆಳಕು ಎಂದಷ್ಟೇ ಹೇಳುತ್ತದೆ. ಅವು ದೇವರಲ್ಲ, ದೇವರು ಮಾಡಿದವು. ಹೂವಿನ ಮುಂದೆ ಕುಳಿತು ನಾವು ಮಾತಾಡುವುದು ಹೂವಿನೊಡನೆಯಲ್ಲ.

ಹಾಗಾದರೆ ನೋಡುವುದೇಕೆ? ಯೇಸುಸ್ವಾಮಿ ನೋಡಲು ಹೇಳಿದ್ದಾರೆ ಎಂಬುದೇ ಉತ್ತರ. ಮತ್ತಾಯನ ಆರನೆಯ ಅಧ್ಯಾಯದಲ್ಲಿ ಹೊಲದ ಹೂವುಗಳ ಮಾತು ಬರುವಲ್ಲಿ, ಗ್ರೀಕ್ ಮೂಲದ ಕ್ರಿಯಾಪದಕ್ಕೆ ‘ಚೆನ್ನಾಗಿ ಗಮನಿಸಿ ಕಲಿಯಿರಿ’ ಎಂಬಷ್ಟು ಬಲವಿದೆ. ಅದು ಹಾದುಹೋಗುವಾಗ ಕಣ್ಣು ಹಾಯಿಸುವ ಮಾತಲ್ಲ. ಅಲ್ಲಿ ಹೇಳಿರುವ ಹೂವು ಗಲಿಲಾಯದ ಬೆಟ್ಟಗಳಲ್ಲಿ ವಸಂತಕ್ಕೆ ಅರಳುವ ಕೆಂಪು ಅನಿಮೋನಿ ಇರಬಹುದೆಂದು ಹಲವು ವಿದ್ವಾಂಸರು ಊಹಿಸಿದ್ದಾರೆ. ‘ನಾಳೆಯ ಚಿಂತೆ ಬೇಡ’ ಎಂಬ ಮಾತು ಬರುವುದು ಈ ಹೂವುಗಳ ಮಾತಾದ ಮೇಲೆ, ಅದೇ ಅಧ್ಯಾಯದ ಕೊನೆಯಲ್ಲಿ. ನೋಡುವುದು ಮೊದಲು, ನಿಶ್ಚಿಂತೆ ಆಮೇಲೆ; ನಾವು ಸಾಮಾನ್ಯವಾಗಿ ಈ ಅನುಕ್ರಮವನ್ನು ತಲೆಕೆಳಗು ಮಾಡುತ್ತೇವೆ.

ಮೊದಲ ಹಂತ: ಒಂದೇ ಜಾಗ, ಒಂದೇ ಹೊತ್ತು

ನಿಮಗೆ ದಿನವೂ ಕಾಣುವ ಒಂದು ಗಿಡ, ಮರ, ಗದ್ದೆಯ ಅಂಚು ಅಥವಾ ಆಕಾಶದ ಒಂದು ತುಂಡನ್ನು ಆರಿಸಿಕೊಳ್ಳಿ. ಅಂದವಾದದ್ದೇ ಆಗಬೇಕೆಂದಿಲ್ಲ. ಚಿಕ್ಕಮಗಳೂರಿನ ಬೆಟ್ಟಕ್ಕೋ ಮಲ್ಪೆಯ ಕಡಲಿಗೋ ಹೋದಾಗ ಮಾಡೋಣವೆಂದು ಕಾದರೆ ವರ್ಷಕ್ಕೆ ಎರಡು ದಿನ ನಡೆಯುತ್ತದೆ, ಅಷ್ಟೆ. ಫ್ಲ್ಯಾಟಿನಲ್ಲಿರುವವರಿಗೆ ಬಾಲ್ಕನಿಯ ತುಳಸಿ, ಕರಿಬೇವು ಅಥವಾ ದಾಸವಾಳದ ಕುಂಡ ಸಾಕು. ಬೆಳಗಿನ ಆರೂವರೆಯಿಂದ ಏಳೂವರೆಯೊಳಗಿನ ಬಿಸಿಲು ಓರೆಯಾಗಿ ಬೀಳುವುದರಿಂದ ಎಲೆಗಳ ಬಣ್ಣದ ಏರಿಳಿತ ಸ್ಪಷ್ಟವಾಗಿ ಕಾಣುತ್ತದೆ. ನಡುಹಗಲಿನ ಬೆಳಕಿನಲ್ಲಿ ಎಲ್ಲವೂ ಚಪ್ಪಟೆಯಾಗಿ ಬಿಡುತ್ತದೆ. ಸಂಜೆಯ ಹೊತ್ತೂ ಆಗಬಹುದು, ಆದರೆ ಒಮ್ಮೆ ಆರಿಸಿದ ಹೊತ್ತನ್ನು ವಾರವಿಡೀ ಬದಲಿಸಬೇಡಿ.

ಫೋನನ್ನು ಒಳಗಿಟ್ಟು ಬನ್ನಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಒಂದು ವರ್ಷ, ಈಸ್ಟರ್‌ಗೆ ಮೊದಲಿನ ಉಪವಾಸದ ದಿನಗಳಾದ ತಪಸ್ಸುಕಾಲದಲ್ಲಿ, ಬೆಂಗಳೂರಿನ ಜಕರಾಂಡ ಹೂವುಗಳನ್ನು ನೋಡುತ್ತ ದಿನವೂ ಪ್ರಾರ್ಥಿಸುವುದೆಂದು ನಿಶ್ಚಯಿಸಿ, ದಿನವೂ ಅದರ ಚಿತ್ರ ತೆಗೆಯುತ್ತ ಹೋದೆ. ನಲವತ್ತು ದಿನ ಮುಗಿಯುವ ಹೊತ್ತಿಗೆ ನನ್ನಲ್ಲಿ ಇನ್ನೂರಕ್ಕೂ ಹೆಚ್ಚು ನೇರಳೆ ಚಿತ್ರಗಳಿದ್ದವು. ಪ್ರಾರ್ಥನೆ ಮಾಡಿದ ನೆನಪು ಒಂದು ಬೆಳಗಿನದೂ ಇರಲಿಲ್ಲ. ಚಿತ್ರ ಚೆನ್ನಾಗಿ ಬರಬೇಕೆಂಬ ಆತುರದಲ್ಲಿ ಮರವನ್ನೇ ನೋಡಿರಲಿಲ್ಲ.

ಎರಡನೆಯ ಹಂತ: ಕೂರುವುದು

ಬೆನ್ನು ನೇರವಾಗಿಟ್ಟು ಕುರ್ಚಿಯ ಮೇಲೆ ಅಥವಾ ಜಗಲಿಯ ಮೇಲೆ ಕುಳಿತು, ಶಿಲುಬೆಯ ಗುರುತು ಹಾಕುವ ರೂಢಿಯಿದ್ದವರು ಹಾಕಿಕೊಂಡು, ‘ಕರ್ತನೇ, ನೀನು ಮಾಡಿದ್ದನ್ನು ನೋಡಲು ಕಣ್ಣು ಕೊಡು’ ಎಂಬಷ್ಟು ಚಿಕ್ಕ ಮಾತಿನಿಂದ ಆರಂಭಿಸಿದರೆ ಸಾಕು. ಎರಡು ಮೂರು ನಿಮಿಷ ಉಸಿರಾಟ ತನ್ನಷ್ಟಕ್ಕೆ ನಿಧಾನವಾಗಲಿ.

ಮೂರನೆಯ ಹಂತ: ಬಣ್ಣಕ್ಕೆ ಹೆಸರು ಹೇಳುವುದು

ಇದು ಈ ಅಭ್ಯಾಸದ ತಿರುಳು, ಆದ್ದರಿಂದ ಇದಕ್ಕೆ ಎಂಟು ಹತ್ತು ನಿಮಿಷ ಕೊಡಿ. ಎದುರಿಗಿರುವುದನ್ನು ‘ಹಸಿರು’ ಎಂದು ಒಂದೇ ಮಾತಿನಲ್ಲಿ ಮುಗಿಸದೆ, ಅಲ್ಲಿ ಎಷ್ಟು ಹಸಿರುಗಳಿವೆ ಎಂದು ಮನಸ್ಸಿನಲ್ಲೇ ಬೇರ್ಪಡಿಸಿ ಹೆಸರಿಡುತ್ತ ಹೋಗಿ. ನಮ್ಮ ಭಾಷೆ ಇದಕ್ಕೆ ಬಹಳ ಅನುಕೂಲವಾಗಿದೆ. ಗಿಳಿಹಸಿರು, ಎಲೆಹಸಿರು, ಪಾಚಿಹಸಿರು, ಎಳೆಹಸಿರು, ಕಡುಹಸಿರು ಎಂದು ಸೀರೆಯಂಗಡಿಯಲ್ಲಿ ತಡವರಿಸದೆ ಹೇಳುವ ನಾವು, ಮರದ ಮುಂದೆ ನಿಂತಾಗ ಮಾತ್ರ ಒಂದೇ ಪದಕ್ಕೆ ಬಡವರಾಗುತ್ತೇವೆ. ‘ಹಸಿರು’ ಎಂಬ ಪದ ‘ಹಸಿ’ಗೆ ಹತ್ತಿರದ್ದು; ಒಣಗದ್ದು, ಇನ್ನೂ ನೀರಿರುವುದು ಎಂಬ ಭಾವ ಅದರಲ್ಲೇ ಇದೆ. ‘ನೇರಳೆ’ಯಂತೂ ಹಣ್ಣಿನ ಹೆಸರೇ. ತಪಸ್ಸುಕಾಲದ ಬಣ್ಣವನ್ನು ಹೇಳುವಾಗ ಕನ್ನಡಿಗನ ನಾಲಗೆಗೆ ಒಗರು ತಗಲುತ್ತದೆ, ಬೇಸಗೆಯ ಕೊನೆಯಲ್ಲಿ ಬಿಳಿ ಅಂಗಿಯ ಮೇಲಾದ ಕಲೆಯೂ ನೆನಪಾಗುತ್ತದೆ.

ನನ್ನ ಕಿಟಕಿಯ ಹೊರಗಿನ ಮಾವಿನ ಮರದ ಒಂದೇ ಒಂದು ಚಿಗುರನ್ನು ನಾನು ಎಂಟು ದಿನ ನೋಡಿದ್ದೇನೆ. ಮೊದಲ ದಿನ ಅದು ತಾಮ್ರದ ಚೆಂಬನ್ನು ಹುಣಸೆಹಣ್ಣಿನಿಂದ ತಿಕ್ಕಿದಾಗ ಬರುವ ಬಣ್ಣದಲ್ಲಿತ್ತು. ಎಲೆಗಳು ನೆಟ್ಟಗೆ ನಿಲ್ಲದೆ ಒದ್ದೆ ಬಟ್ಟೆಯಂತೆ ಜೋತುಬಿದ್ದಿದ್ದವು. ಮೂರನೆಯ ದಿನ ಕೆಂಪು ತೆಳುವಾಗಿ, ನಡುವಿನ ನರದ ಇಕ್ಕೆಲಗಳಲ್ಲಿ ಬೆಲ್ಲದ ಪಾಕದ ಕಂದು ಉಳಿಯಿತು. ಆಮೇಲೆ ನರದ ಬುಡದಿಂದ ಒಂದು ತಿಳಿಹಸಿರು ಹೊರಟು ಅಂಚಿನ ಕಡೆಗೆ ಹರಡತೊಡಗಿತು, ಅದರ ಜೊತೆಗೇ ಎಲೆ ನಿಧಾನವಾಗಿ ತಲೆಯೆತ್ತಿತು. ಎಂಟನೆಯ ದಿನಕ್ಕೂ ತುದಿಯಲ್ಲಿ ಒಂದಿಷ್ಟು ಕೆಂಪು ಉಳಿದಿತ್ತು. ಆ ವಾರ ಮನೆಯಲ್ಲಿ ಒಂದು ವಿಚಾರಕ್ಕೆ ಎಲ್ಲರೂ ಸಿಡಿಮಿಡಿಗೊಂಡಿದ್ದರು, ನಾನೂ ಸಹ. ಚಿಗುರು ನಮ್ಮ ಸಮಸ್ಯೆಯನ್ನು ಬಿಡಿಸಲಿಲ್ಲ. ಆದರೆ ದಿನವೂ ಹತ್ತು ನಿಮಿಷ ನನ್ನ ಆತುರಕ್ಕೆ ಸಂಬಂಧವಿಲ್ಲದ ವೇಗದಲ್ಲಿ ನಡೆಯುವ ಒಂದು ಕೆಲಸವನ್ನು ನೋಡುತ್ತಿದ್ದೆ, ಆ ಕೆಲಸ ಯಾರದೆಂಬುದು ನನಗೆ ಗೊತ್ತಿತ್ತು.

ನಾಲ್ಕನೆಯ ಹಂತ: ವಾಕ್ಯ

ನೋಡಿದ ಮೇಲೆ ಬೈಬಲಿನ ಒಂದು ಚಿಕ್ಕ ಭಾಗವನ್ನು ಓದಿ. ಹನ್ನೆರಡನೆಯ ಶತಮಾನದಲ್ಲಿ ಎರಡನೆಯ ಗ್ವಿಗೋ ಎಂಬ ಕಾರ್ತೂಸಿಯನ್ ಸನ್ಯಾಸಿ ದೈವವಾಕ್ಯ ಪಠಣಕ್ಕೆ ಓದುವುದು, ಮನನ ಮಾಡುವುದು, ಪ್ರಾರ್ಥಿಸುವುದು, ಮೌನವಾಗಿ ದೇವರಲ್ಲಿ ನೆಲೆಸುವುದು ಎಂಬ ನಾಲ್ಕು ಮೆಟ್ಟಿಲುಗಳನ್ನು ಹೇಳಿದ. ನಾವು ಇಲ್ಲಿ ಮಾಡುತ್ತಿರುವುದು ಆ ಏಣಿಯ ಬುಡಕ್ಕೆ ‘ನೋಡುವುದು’ ಎಂಬ ಇನ್ನೊಂದು ಮೆಟ್ಟಿಲನ್ನು ಸೇರಿಸಿದಂತೆ. ಮೊದಲ ವಾರಕ್ಕೆ ಕೀರ್ತನೆ 23, ಕೀರ್ತನೆ 104ರ ಒಂದೊಂದು ಭಾಗ, ಮತ್ತಾಯ 6ರ ಹೂವುಗಳು, ಆದಿಕಾಂಡ 9ರ ಮಳೆಬಿಲ್ಲು ಮತ್ತು ಮಾರ್ಕ 6ರ ಹಸಿರು ಹುಲ್ಲು ಸಾಕಷ್ಟಾಗುತ್ತದೆ.

ಮಾರ್ಕನ ಹುಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಐದು ಸಾವಿರ ಜನರ ಊಟದ ಕಥೆ ನಾಲ್ಕೂ ಸುವಾರ್ತೆಗಳಲ್ಲಿದೆ, ಆದರೆ ಹುಲ್ಲು ಹಸಿರಾಗಿತ್ತೆಂದು ಹೇಳುವವನು ಮಾರ್ಕನೊಬ್ಬನೇ. ಗಲಿಲಾಯದಲ್ಲಿ ಹುಲ್ಲು ಹಸಿರಾಗಿರುವುದು ಚಳಿಗಾಲದ ಮಳೆಯ ನಂತರದ ಕೆಲವೇ ವಾರ. ಅದೇ ಘಟನೆಯನ್ನು ಹೇಳುವ ಯೋಹಾನನು ಬಣ್ಣವನ್ನು ಹೇಳದೆ, ಯೆಹೂದ್ಯರ ಪಾಸ್ಕ ಹಬ್ಬ ಹತ್ತಿರವಿತ್ತೆಂದು ಹೇಳುತ್ತಾನೆ; ಪಾಸ್ಕ ಬರುವುದು ವಸಂತದಲ್ಲಿ. ಒಬ್ಬನು ಕೊಟ್ಟ ಬಣ್ಣವೂ ಇನ್ನೊಬ್ಬನು ಕೊಟ್ಟ ತಿಂಗಳೂ ಹೀಗೆ ಒಂದಕ್ಕೊಂದು ಕೂಡುತ್ತವೆ. ಆ ಹುಲ್ಲಿನ ಮೇಲೆ ಕುಳಿತವನು ಅದರ ಬಣ್ಣವನ್ನು ಮರೆತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ಮಳೆಬಿಲ್ಲಿನ ವಿಷಯದಲ್ಲಿ ಒಂದು ಕೆಲಸಕ್ಕೆ ಬರುವ ಸೂಚನೆ: ಅದು ಯಾವಾಗಲೂ ಸೂರ್ಯನ ಎದುರು ದಿಕ್ಕಿನಲ್ಲಿ ಮೂಡುವುದರಿಂದ, ಮಳೆ ಬಿಸಿಲು ಕೂಡಿ ಬಂದ ಸಂಜೆ ಬಿಸಿಲಿಗೆ ಬೆನ್ನು ಹಾಕಿ ಪೂರ್ವಕ್ಕೆ ನೋಡಬೇಕು, ಬೆಳಗ್ಗೆಯಾದರೆ ಪಶ್ಚಿಮಕ್ಕೆ. ನೋಹನಿಗೆ ಗುರುತಾಗಿ ಕೊಟ್ಟ ಬಿಲ್ಲಿಗೆ ಹೀಬ್ರೂ ಭಾಷೆಯಲ್ಲಿರುವುದು ಯುದ್ಧದ ಬಿಲ್ಲಿನ ಪದವೇ. ಕನ್ನಡದಲ್ಲಿಯೂ ಅದು ಮಳೆಬಿಲ್ಲು, ಮುಗಿಲುಬಿಲ್ಲು, ಕಾಮನಬಿಲ್ಲು, ಒಟ್ಟಿನಲ್ಲಿ ಬಿಲ್ಲೇ. ಬಾಣವಿಲ್ಲದೆ ಮೋಡಕ್ಕೆ ತೂಗುಹಾಕಿದ ಬಿಲ್ಲು ಎಂದು ಅದನ್ನು ಓದಿಕೊಳ್ಳಲು ನಮಗೆ ಟಿಪ್ಪಣಿಯ ಅಗತ್ಯವಿಲ್ಲ.

ಐದನೆಯ ಮತ್ತು ಆರನೆಯ ಹಂತ: ಮಾತು, ಮೌನ

ಓದಿದ ಮೇಲೆ ದೇವರೊಡನೆ ನಿಮ್ಮದೇ ಮಾತಿನಲ್ಲಿ, ಮನೆಯಲ್ಲಿ ಆಡುವ ಭಾಷೆಯಲ್ಲಿ ಮಾತಾಡಿ. ಕೊಂಕಣಿಯಲ್ಲಿ ಜಪ ಮಾಡುವವರು ಕೊಂಕಣಿಯಲ್ಲೇ, ತುಳು ಆಡುವವರು ತುಳುವಿನಲ್ಲೇ ಮಾಡಲಿ. ಹೊಗಳಿಕೆಯೇ ಆಗಬೇಕೆಂದಿಲ್ಲ. ಕೀರ್ತನೆಗಳಲ್ಲಿ ದೂರು, ಸಿಟ್ಟು, ‘ಎಲ್ಲಿಯ ತನಕ ಹೀಗೆ’ ಎಂಬ ಪ್ರಶ್ನೆ ಎಲ್ಲವೂ ಇವೆ. ಕೊನೆಯ ಮೂರು ನಾಲ್ಕು ನಿಮಿಷ ಏನೂ ಹೇಳದೆ ಸುಮ್ಮನೆ ಕುಳಿತಿರಿ. ಯೋಚನೆಗಳು ಬಂದರೆ ಅವುಗಳೊಡನೆ ಜಗಳವಾಡದೆ ಕಣ್ಣನ್ನು ಮತ್ತೆ ಬಣ್ಣದ ಮೇಲಿಡಿ.

ಏಳನೆಯ ಹಂತ: ಒಂದು ಸಾಲು

ಒಂದು ಚಿಕ್ಕ ಪುಸ್ತಕದಲ್ಲಿ ದಿನಾಂಕ ಹಾಕಿ, ಕಂಡ ಬಣ್ಣವನ್ನೂ ಆಡಿದ ಮಾತನ್ನೂ ಒಂದೇ ಸಾಲಿನಲ್ಲಿ ಬರೆಯಿರಿ. ‘ಕರಿಬೇವಿನ ಹಳೆ ಎಲೆ ಹಳದಿ, ಅಕ್ಕನ ಆಪರೇಷನ್ ಬಗ್ಗೆ ಕೇಳಿಕೊಂಡೆ’ ಎಂಬಷ್ಟು ಸಾಕು. ಶನಿವಾರ ಸಂಜೆ ಏಳು ಸಾಲುಗಳನ್ನೂ ಒಟ್ಟಿಗೆ ಓದಿ, ಎಲ್ಲಿ ಮನಸ್ಸು ಹಗುರವಾಯಿತು, ಎಲ್ಲಿ ಭಾರವಾಯಿತು ಎಂದು ನೋಡಿಕೊಳ್ಳಿ. ದಿನದ ಕೊನೆಯಲ್ಲಿ ಹೀಗೆ ಹಿಂತಿರುಗಿ ನೋಡುವ ಆತ್ಮಪರಿಶೀಲನೆಯನ್ನು ಯೇಸುಸಭೆಯನ್ನು ಕಟ್ಟಿದ ಸಂತ ಇಗ್ನಾಸಿ ಲೊಯೋಲಾ ತನ್ನ ಸಂಗಡಿಗರಿಗೆ ಕಡ್ಡಾಯವೆಂಬಂತೆ ಕಲಿಸಿದ್ದನು. ನಾವು ವಾರಕ್ಕೊಮ್ಮೆಯಾದರೂ ಮಾಡೋಣ.

ವಾರ ಹಿಡಿಸಿದವರಿಗೆ ಒಂದು ವರ್ಷ

ಆರಾಧನಾ ವರ್ಷ ಆರಂಭವಾಗುವುದು ಜನವರಿಯಲ್ಲಲ್ಲ, ಕ್ರಿಸ್ಮಸ್‌ಗೆ ನಾಲ್ಕು ಭಾನುವಾರ ಮೊದಲು, ಆಗಮನ ಕಾಲದಿಂದ. ಕಥೋಲಿಕ ದೇವಾಲಯಗಳಲ್ಲಿಯೂ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿಯೂ ಪೀಠದ ಬಟ್ಟೆಯ ಬಣ್ಣ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಬಣ್ಣಗಳ ಪದ್ಧತಿಯಿಲ್ಲದ ಸಭೆಗಳಿಗೆ ಸೇರಿದವರು ಈ ಭಾಗವನ್ನು ಕ್ಯಾಲೆಂಡರಿನಂತೆ ಮಾತ್ರ ಬಳಸಿಕೊಳ್ಳಬಹುದು. ಮುಂದೆ ಮೂರನೆಯ ಇನ್ನೊಸೆಂಟ್ ಎಂಬ ಹೆಸರಿನಲ್ಲಿ 1198ರಲ್ಲಿ ಪೋಪ್ ಆದವರು, ಅದಕ್ಕೆ ಕೆಲವು ವರ್ಷ ಮೊದಲು ಬಲಿಪೂಜೆಯ ಕುರಿತು ಬರೆಯುತ್ತ ಈ ಬಣ್ಣಗಳನ್ನು ವಿವರಿಸಿದ್ದರು. ಹಸಿರನ್ನು ಅವರು ಬಿಳಿ, ಕಪ್ಪು, ಕೆಂಪುಗಳ ನಡುವಿನ ಬಣ್ಣವೆಂದರು. ಹಬ್ಬವೂ ಅಲ್ಲದ, ಶೋಕವೂ ಅಲ್ಲದ ದಿನಗಳಿಗೆ ಹಸಿರು ಬಂದದ್ದು ಹೀಗೆ.

ಡಿಸೆಂಬರಿನ ಆಗಮನ ಕಾಲದ ನೇರಳೆಯನ್ನು ಹೂವುಗಳಲ್ಲಿ ಹುಡುಕಬೇಡಿ, ಬೆಳಗಿನ ಜಾವದ ಆಕಾಶದಲ್ಲಿ ಹುಡುಕಿ. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲು ಎದ್ದು ನಿಂತರೆ ಕಪ್ಪು ನೇರಳೆಯಾಗಿ, ನೇರಳೆ ನಸುಗೆಂಪಾಗುವುದು ಕಾಣುತ್ತದೆ. ಕ್ರಿಸ್ಮಸ್ಸಿನ ಬಿಳಿಗೆ ಬಯಲುಸೀಮೆಯವರು ಭಾಗ್ಯವಂತರು: ಉತ್ತರ ಕರ್ನಾಟಕದ ಎರೆಮಣ್ಣಿನ ಹೊಲಗಳಲ್ಲಿ ಹತ್ತಿ ಬಿಡಿಸುವ ಕಾಲ ಆಗ ಇನ್ನೂ ಮುಗಿದಿರುವುದಿಲ್ಲ. ಕಪ್ಪು ನೆಲದ ಮೇಲೆ ಒಡೆದ ಕಾಯಿಗಳ ಬಿಳಿ ನಮ್ಮ ಕ್ರಿಸ್ಮಸ್ಸಿಗೆ ಸಾಲದೆಂದೇ ನಾವು ದನದ ಕೊಟ್ಟಿಗೆಯ ಮೇಲೆ ಥರ್ಮಾಕೋಲಿನ ಹಿಮವನ್ನು ಉದುರಿಸುತ್ತೇವೆ.

ವಿಭೂತಿ ಬುಧವಾರದಿಂದ ತಪಸ್ಸುಕಾಲ. ಈಸ್ಟರ್ ದಿನಾಂಕ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಓಡಾಡುವುದರಿಂದ ತಪಸ್ಸುಕಾಲವೂ ಹಿಂದೆ ಮುಂದೆ ಆಗುತ್ತದೆ, ಆದರೂ ಅದರ ಬಹುಪಾಲು ಬೀಳುವುದು ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ. ಬೆಂಗಳೂರಿನ ಬೀದಿಗಳಲ್ಲಿ ಜಕರಾಂಡ ನೇರಳೆಯಾಗುವುದು ಇದೇ ಹೊತ್ತಿಗೆ. 1893ರಲ್ಲಿ ಭಾರತಕ್ಕೆ ಬಂದ ಜರ್ಮನ್ ಸಸ್ಯತಜ್ಞ ಕ್ರುಂಬಿಗಲ್ ಅವರು ವರ್ಷವಿಡೀ ಒಂದರ ನಂತರ ಒಂದು ಮರ ಹೂಬಿಡುವಂತೆ ನಗರದ ಸಾಲುಮರಗಳನ್ನು ಯೋಜಿಸಿದರೆಂಬ ಮಾತಿದೆ. ಅವರಿಗೆ ಆರಾಧನಾ ವರ್ಷದ ಯೋಚನೆ ಇತ್ತೆಂದು ನಾನು ಹೇಳುವುದಿಲ್ಲ. ತಪಸ್ಸುಕಾಲದ ನಾಲ್ಕನೆಯ ಭಾನುವಾರ ಗುರುಗಳು ಗುಲಾಬಿ ಬಣ್ಣದ ವಸ್ತ್ರ ಧರಿಸಬಹುದು, ಉಪವಾಸದ ನಡುವೆ ಒಂದು ಉಸಿರೆಳೆಯುವ ದಿನವದು. ಅದೇ ಸುಮಾರಿಗೆ ತಬೂಬಿಯ ಮರಗಳ ಗುಲಾಬಿಯೂ ಕಣ್ಣಿಗೆ ಬೀಳುತ್ತದೆ. ಊರಕಡೆ ಮುತ್ತುಗ ಎಲೆ ಕಳಚಿ ಬರಿಯ ಕೊಂಬೆಗಳಲ್ಲಿ ಕಿತ್ತಳೆಗೆಂಪು ಹೂವನ್ನು ಹೊತ್ತು ನಿಂತಿರುತ್ತದೆ. ಎಲೆಯಿಲ್ಲದಾಗಲೇ ಹೂಬಿಡುವ ಮರವನ್ನು ಶಿಲುಬೆಯ ಹಾದಿಯ ಶುಕ್ರವಾರಗಳಂದು ನೋಡಿ ಬರುವುದು ನನ್ನ ಪದ್ಧತಿ.

ಈಸ್ಟರಿನ ಬಿಳಿಗೆ ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳಿಗಿಂತ ಒಳ್ಳೆಯ ಜಾಗವನ್ನು ನಾನು ಕಾಣೆ. ಬೇಸಗೆಯ ಮೊದಲ ಹದವಾದ ಮಳೆ, ತೋಟದವರು ಹೂಮಳೆ ಎನ್ನುವುದು, ಬಿದ್ದು ಎಂಟು ಹತ್ತು ದಿನಕ್ಕೆ ಇಡೀ ತೋಟ ಒಂದೇ ಬೆಳಗಿಗೆ ಬೆಳ್ಳಗಾಗುತ್ತದೆ. ಮುಂಚಿನ ದಿನ ಕಡ್ಡಿಯಂಥ ಮೊಗ್ಗುಗಳಿದ್ದ ರೆಂಬೆಯ ಪ್ರತಿ ಗಿಣ್ಣಿನಲ್ಲೂ ಮಲ್ಲಿಗೆಯ ವಾಸನೆಯ ಗೊಂಚಲು ಕುಳಿತಿರುತ್ತದೆ, ಜೇನು ಮುತ್ತಿರುತ್ತದೆ, ಎರಡು ಮೂರು ದಿನಕ್ಕೆ ಎಲ್ಲವೂ ಕಂದಾಗಿ ಉದುರುತ್ತದೆ. ಮಳೆ ತಡವಾದ ವರ್ಷ ಹೂವೂ ತಡ. ಈಸ್ಟರ್ ಭಾನುವಾರಕ್ಕೇ ಅದು ಸಿಗುತ್ತದೆಂಬ ಖಾತರಿಯಿಲ್ಲ. ಸಿಕ್ಕ ವರ್ಷ ಕಸಿದುಕೊಂಡು ನೋಡಿ.

ಈಸ್ಟರ್ ಆದ ಐವತ್ತನೆಯ ದಿನ ಪಂಚಾಶತ್ತಮ, ಅಂದರೆ ಪೆಂಟಕೋಸ್ಟ್ ಹಬ್ಬ. ಮೇ ಅಥವಾ ಜೂನಿನಲ್ಲಿ ಬರುವ ಈ ಕೆಂಪು ಹಬ್ಬಕ್ಕೆ ಗುಲ್‌ಮೊಹರ್, ನಮ್ಮ ಮೇ ಫ್ಲವರ್, ಕೇಳದೆಯೇ ಬೆಂಕಿ ಹೊತ್ತಿಸಿಕೊಂಡು ನಿಂತಿರುತ್ತದೆ. ಬಳಿಕ ಮಳೆ, ಮತ್ತು ಮೊದಲು ಹೇಳಿದ ಉದ್ದನೆಯ ಹಸಿರು. ಹೊಸತೇನೂ ನಡೆಯದಂತೆ ಕಾಣುವ ಈ ಐದಾರು ತಿಂಗಳೇ ಅಭ್ಯಾಸಕ್ಕೆ ನಿಜವಾದ ಪರೀಕ್ಷೆ, ಏಕೆಂದರೆ ಹಸಿರಿನೊಳಗಿನ ವ್ಯತ್ಯಾಸಗಳನ್ನು ಕಾಣುವಷ್ಟು ಕಣ್ಣು ಆಗ ಪಳಗಬೇಕಾಗುತ್ತದೆ.

ಈ ಹಸಿರಿನ ನಡುವೆ ಕರಾವಳಿಯ ಕಥೋಲಿಕರಿಗೆ ಸೆಪ್ಟೆಂಬರ್ 8ರ ಮೊಂತಿ ಹಬ್ಬ ಬರುತ್ತದೆ. ಕನ್ಯಾ ಮರಿಯಮ್ಮನವರ ಜನನದ ಈ ಹಬ್ಬಕ್ಕೆ ಮೊದಲಿನ ಒಂಬತ್ತು ದಿನವೂ ಮಕ್ಕಳು ಹೂ ಆಯ್ದು ತಟ್ಟೆಯಲ್ಲಿ ತುಂಬಿಕೊಂಡು ಹೋಗಿ ಮಾತೆಯ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಯ ಆಶೀರ್ವಾದ, ಮನೆಯಲ್ಲಿ ಹೊಸ ಅಕ್ಕಿಯ ಊಟ. ಮನೆಯಲ್ಲಿ ಮಕ್ಕಳಿದ್ದರೆ ಆ ಒಂಬತ್ತು ದಿನ ಮೇಲಿನ ಮೂರನೆಯ ಹಂತವನ್ನು ಅವರ ಜೊತೆ ಮಾಡಿ. ಬೇಲಿಯಂಚಿನ ದಾಸವಾಳ, ನಂದಿಬಟ್ಟಲು, ಗೋರಂಟಿ, ಚೆಂಡುಹೂವನ್ನು ಅವರೇ ಕೀಳಲಿ, ಬಣ್ಣದ ಹೆಸರನ್ನೂ ಅವರೇ ಇಡಲಿ. ಅಂಗಡಿಯಿಂದ ತಂದ ಒಂದು ಕಿಲೋ ಸೇವಂತಿಗೆಯಲ್ಲಿ ಈ ಕೆಲಸ ಆಗುವುದಿಲ್ಲ.

ವಿದೇಶದಲ್ಲಿರುವ ಕನ್ನಡಿಗರು ಈ ಮರಗಳ ಪಟ್ಟಿಯನ್ನು ಹಾಗೆಯೇ ಒಯ್ಯಬೇಕಾಗಿಲ್ಲ. ಆಯಾ ಊರಿನಲ್ಲಿ ಒಂದು ವರ್ಷ ಬರೆದಿಟ್ಟ ಸಾಲುಗಳೇ ಅಲ್ಲಿನ ಪಟ್ಟಿಯಾಗುತ್ತವೆ.

ಬಣ್ಣ ಕಾಣದ ದಿನಗಳು

ಕೆಂಪು ಹಸಿರುಗಳನ್ನು ಬೇರ್ಪಡಿಸಿ ಕಾಣಲಾಗದವರು, ದೃಷ್ಟಿ ಮಂದವಾದವರು ಇದು ತಮಗಲ್ಲವೆಂದು ಬಿಡಬಾರದು. ಬೆಳಕು ನೆರಳುಗಳ ಹೆಚ್ಚುಕಡಿಮೆ, ಎಲೆಯ ಮೈ, ವಾಸನೆ ಇವುಗಳಿಂದಲೂ ಅದೇ ಕ್ರಮದಲ್ಲಿ ಮುಂದುವರಿಯಬಹುದು. ಅಸಿಸಿಯ ಸಂತ ಫ್ರಾನ್ಸಿಸ್ 1225ರ ಸುಮಾರಿಗೆ ಸೃಷ್ಟಿಯ ಸ್ತುತಿಗೀತೆಯನ್ನು ರಚಿಸಿದಾಗ ಅವರ ಕಣ್ಣು ಬಹುಪಾಲು ಹೋಗಿತ್ತು. ಬೆಳಕು ಬಿದ್ದರೆ ನೋವಾಗುತ್ತಿದ್ದುದರಿಂದ ಕತ್ತಲಲ್ಲಿ ಇರಬೇಕಾಗಿತ್ತು. ಆ ಸ್ಥಿತಿಯಲ್ಲೇ ಅವರು ಸೂರ್ಯನನ್ನು ಅಣ್ಣನೆಂದು ಕರೆದು, ತಾಯಿಭೂಮಿ ಹೊರತರುವ ಬಣ್ಣಬಣ್ಣದ ಹೂವುಗಳಿಗಾಗಿ ದೇವರನ್ನು ಹೊಗಳಿದರು. ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ ಹೊರಡಿಸಿದ ಪರಿಸರ ಕುರಿತ ವಿಶ್ವಪತ್ರದ ಹೆಸರು, ‘ಲೌದಾತೊ ಸೀ’, ಆ ಗೀತೆಯಿಂದಲೇ ಬಂದದ್ದು.

ಇನ್ನೊಂದು ಬಗೆಯ ಕಾಣದಿರುವಿಕೆಯೂ ಇದೆ. ದುಃಖದಲ್ಲಿರುವಾಗ ಎಲ್ಲ ಬಣ್ಣವೂ ಬೂದಿಯಂತೆ ಕಾಣಬಹುದು. ಆಗ ಒತ್ತಾಯದಿಂದ ಸಂತೋಷಪಡಲು ಹೋಗಬೇಡಿ. ಇಪ್ಪತ್ತಮೂರನೆಯ ಕೀರ್ತನೆಯಲ್ಲಿ ಹಸುರುಗಾವಲು ಬರುವುದು ಎರಡನೆಯ ವಚನದಲ್ಲಿ, ಕಾರ್ಗತ್ತಲೆಯ ಕಣಿವೆ ನಾಲ್ಕನೆಯದರಲ್ಲಿ. ಗಾವಲನ್ನು ಕಂಡವನೇ ಕಣಿವೆಗೂ ಇಳಿಯುತ್ತಾನೆ, ಕುರುಬನು ಅಲ್ಲಿಯೂ ಜೊತೆಗಿರುತ್ತಾನೆ. ಬೂದುಬಣ್ಣವನ್ನೇ ನೋಡಿ, ಅದನ್ನೇ ದೇವರಿಗೆ ಹೇಳಿ. ಆದರೆ ನಿದ್ದೆ ಊಟ ಕೆಟ್ಟು ಎರಡು ಮೂರು ವಾರ ಹೀಗೆಯೇ ಉಳಿದರೆ ವೈದ್ಯರನ್ನು ಕಾಣಲೇಬೇಕು. ಇದು ಪ್ರಾರ್ಥನೆಯ ಕ್ರಮವೇ ಹೊರತು ಖಿನ್ನತೆಗೆ ಔಷಧವಲ್ಲ.

ನೋಡಿದ್ದಕ್ಕೆ ತಕ್ಕ ಕೆಲಸ

ಒಂದು ಮರವನ್ನು ತಿಂಗಳುಗಟ್ಟಲೆ ನೋಡಿದವರು ಅದರ ಬುಡಕ್ಕೆ ಕಸ ಸುರಿಯುವುದನ್ನು ಕಂಡೂ ಸುಮ್ಮನಿರಲಾರರು. ಆರ್ಥಡಾಕ್ಸ್ ಸಭೆಯ ಹಿರಿಯ ಗುರುಗಳಾದ ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕ್ ಒಂದನೆಯ ದಿಮಿತ್ರಿಯೋಸ್ ಅವರು 1989ರಲ್ಲಿ ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವೆಂದು ಸಾರಿದರು. 2015ರಿಂದ ಕಥೋಲಿಕರೂ ಅದನ್ನು ಆಚರಿಸುತ್ತಾರೆ. ಅಂದಿನಿಂದ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರವರೆಗಿನ ದಿನಗಳು ಈಗ ಹಲವು ಸಭೆಗಳಲ್ಲಿ ಸೃಷ್ಟಿಯ ಕಾಲ. ಆ ದಿನಗಳಲ್ಲಿ ಒಂದು ಸಣ್ಣ ಕೆಲಸವನ್ನು ಸೂಚಿಸುತ್ತೇನೆ: ನಿಮ್ಮ ದೇವಾಲಯದ ಪೀಠದ ಮೇಲೆ ಪ್ಲಾಸ್ಟಿಕ್ ಹೂವಿದ್ದರೆ, ಅಲಂಕಾರದ ಹೊಣೆ ಹೊತ್ತವರೊಡನೆ ವಿನಯದಿಂದ ಮಾತಾಡಿ, ಒಂದು ಭಾನುವಾರದ ಹೂವನ್ನು ನಿಮ್ಮ ಅಂಗಳದಿಂದ ತರುತ್ತೇನೆಂದು ಹೇಳಿ. ನಾನು ಒಂದು ಕಡೆ ಹೀಗೆ ಕೇಳಿದಾಗ, ಬಾಡುವ ಹೂವನ್ನು ಆಮೇಲೆ ಎತ್ತಿಹಾಕುವವರು ಯಾರು ಎಂಬ ಉತ್ತರ ಬಂತು. ಪ್ರಶ್ನೆ ನ್ಯಾಯವಾದದ್ದೇ, ಸೋಮವಾರ ಬೆಳಗ್ಗೆ ನಾನೇ ಹೋಗಿ ಎತ್ತಿದೆ.

ಗರಿ

ಇಷ್ಟೆಲ್ಲವೂ ಆಗದು ಎನ್ನುವವರಿಗೆ ಒಂದೇ ಒಂದು ಅಭ್ಯಾಸವಿದೆ. ಈಸ್ಟರ್‌ಗೆ ಒಂದು ವಾರ ಮೊದಲಿನ ಗರಿಗಳ ಭಾನುವಾರ ನಮ್ಮ ಕಡೆ ಕೈಗೆ ಕೊಡುವುದು ಹೆಚ್ಚಾಗಿ ತೆಂಗಿನ ಎಳೆಗರಿ. ಅಂದು ಅದರ ಬಣ್ಣ ಹಸಿರಲ್ಲ, ಬೆಣ್ಣೆಯಲ್ಲಿ ಅರಿಸಿನ ಕಲಸಿದಂಥ ತಿಳಿಹಳದಿ. ಶಿಲುಬೆಯಾಕಾರಕ್ಕೆ ಮಡಚಿ ಮನೆಯ ಪೀಠದ ಹಿಂದೆ ಸಿಕ್ಕಿಸಿದ ಆ ಗರಿಯನ್ನು ಪ್ರತಿ ತಿಂಗಳ ಮೊದಲ ಶುಕ್ರವಾರ ಕೈಗೆತ್ತಿಕೊಂಡು ಐದು ನಿಮಿಷ ನೋಡಿ, ಬಣ್ಣವನ್ನು ಬರೆದಿಡಿ. ಮೇ ತಿಂಗಳಿಗೆ ಅದು ಒಣಹುಲ್ಲಿನ ಬಣ್ಣಕ್ಕೆ ಬಂದಿರುತ್ತದೆ. ಮಳೆಗಾಲದಲ್ಲಿ ಒಂದೆರಡು ಕಡೆ ಬೂಷ್ಟಿನ ಚುಕ್ಕೆ ಏಳಬಹುದು, ಒರೆಸಿಡಿ. ಕ್ರಿಸ್ಮಸ್ ಹೊತ್ತಿಗೆ ಕಂದು, ಮುಟ್ಟಿದರೆ ಮುರಿಯುವಷ್ಟು ಗರಿಗರಿ. ವಿಭೂತಿ ಬುಧವಾರಕ್ಕೆ ಮೊದಲು ಹಳೆಯ ಗರಿಗಳನ್ನು ತಂದುಕೊಡುವಂತೆ ದೇವಾಲಯದಲ್ಲಿ ಪ್ರಕಟಣೆ ಬರುತ್ತದೆ. ಅದನ್ನು ಒಯ್ದು ಬುಟ್ಟಿಯಲ್ಲಿ ಹಾಕಿ ಬನ್ನಿ. ಬುಧವಾರ ಸಂಜೆ ಗುರುಗಳು ಹಣೆಗೆ ಹಚ್ಚುವ ಬೂದಿಯಲ್ಲಿ ಅದೂ ಇರುತ್ತದೆ.